ಹ್ಯಾಲೋವೀನ್ ತಿಂಡಿಗೆ ಮಕ್ಕಳದೇ ಕೈ

2019ರ ಅಕ್ಟೋಬರ್ 31, ಹ್ಯಾಲೋವೀನ್. ಮಕ್ಕಳು ದೆವ್ವ-ಭೂತದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ. ಅವತ್ತು ಷಿಕಾಗೊದಲ್ಲಿ ಹಿಮ ಬಿತ್ತು. ಆಗ ಮಗಳಿಗೆ ಮೂರು ವರ್ಷ. ವೇಷ ಹಾಕಿಕೊಂಡು ನಾಲ್ಕು ಮನೆ ಸುತ್ತುವಷ್ಟರಲ್ಲಿ ಚಳಿಗೆ ಮೂಗು ಕೆಂಪಾಗಿತ್ತು. ವಾಪಸ್ ಬಂದುಬಿಟ್ಟೆವು. ಅವಳ ಅಳು ನಿಲ್ಲಿಸಲು ಬಾಳೆಹಣ್ಣಿಗೆ ಎರಡು ಚಾಕೊಲೇಟ್ ಚಿಪ್ಸ್ ಚುಚ್ಚಿ "ನೋಡು, ದೆವ್ವ" ಅಂದೆ. ಇನ್ನೊಂದು ಮಾಡು ಅಂದಳು. ಆಮೇಲೆ, ನಾನೇ ಮಾಡ್ತೀನಿ ಅಂದಳು. ಅವತ್ತಿನಿಂದ ಪ್ರತಿ ವರ್ಷ ಈ ತಿಂಡಿಗಳು ಮನೆಯಲ್ಲೇ ಆಗುತ್ತವೆ. ಈಗ ಐದು ವರ್ಷದ ತಮ್ಮನೂ ಜೊತೆಗಿದ್ದಾನೆ.

ಮೊದಮೊದಲು ಚಿತ್ರ ನೋಡಿ ಚಂದ ಕಂಡದ್ದನ್ನು ಮಾಡಲು ಹೋಗುತ್ತಿದ್ದೆ. ಕೆಲಸವೆಲ್ಲ ನನ್ನದೇ. ಮಕ್ಕಳು ಸ್ವಲ್ಪ ಹೊತ್ತು ನಿಂತು ನೋಡಿ ಟೀವಿ ಮುಂದೆ ಹೋಗಿ ಕೂರುತ್ತಿದ್ದರು. ಈಗ ಒಂದೇ ಒಂದು ನೋಡುತ್ತೇನೆ: ಇದರಲ್ಲಿ ಅವರ ಕೈಗೆ ಏನು ಕೆಲಸ ಇದೆ? ಒಲೆ, ಚಾಕು ನನ್ನ ಪಾಲು. ಕಣ್ಣು, ಮೂಗು, ಬಾಯಿ ಪೂರ್ತಿ ಅವರ ಪಾಲು. ಕಣ್ಣು ಓರೆಯಾದರೆ ಓರೆಯೇ ಇರಲಿ, ನಾನು ಸರಿ ಮಾಡುವುದಿಲ್ಲ.

ಬಾಳೆಹಣ್ಣಿನ ದೆವ್ವ ಎಲ್ಲಕ್ಕಿಂತ ಸುಲಭ. ಹಣ್ಣನ್ನು ನಡುವಿಗೆ ಅಡ್ಡ ಕತ್ತರಿಸಿ, ಕತ್ತರಿಸಿದ ಕಡೆ ಕೆಳಗೆ ಮಾಡಿ ನಿಲ್ಲಿಸಿ. ಚೂಪಾದ ತುದಿ ತಲೆ. ಚಿಕ್ಕ ಚಿಪ್ಸ್ ಎರಡು ಕಣ್ಣು, ದೊಡ್ಡದೊಂದು ಬಾಯಿ. ಚಿಪ್ಸಿನ ಮೊನೆ ಒಳಗೆ ಹೋಗುವ ಹಾಗೆ ಒತ್ತಬೇಕು, ಆಗ ಬೀಳುವುದಿಲ್ಲ. ಹಣ್ಣು ಬೇಗ ಕಪ್ಪಾಗುತ್ತದೆ, ಸ್ವಲ್ಪ ನಿಂಬೆರಸ ಸವರಿ. ತಿನ್ನುವ ಹೊತ್ತಿಗೇ ಮಾಡುವುದು ಒಳ್ಳೆಯದು.

ಕುಂಬಳಕಾಯಿಯ ಕೆಲಸ ಹಿಂದಿನ ದಿನವೇ ಶುರು. ಹ್ಯಾಲೋವೀನಿಗೆ ಮುಖ ಕೆತ್ತಿ ಇಡಲು ತರುವ ದೊಡ್ಡ ಕಾಯಿಯ ತಿರುಳು ನೀರುನೀರು, ನಾರು ಜಾಸ್ತಿ. ಪಲ್ಯಕ್ಕೆ, ಹುಳಿಗೆ ರುಚಿ ಬರುವುದಿಲ್ಲ. ಅಡುಗೆಗೆ ಬೇರೆ ಚಿಕ್ಕ ಕಾಯಿ ಸಿಗುತ್ತದೆ. ಆದರೆ ದೊಡ್ಡದರ ಬೀಜ ಮಾತ್ರ ಬಿಡಬೇಡಿ. ಮಗ ತೋಳು ಮಡಚಿ ಮೊಣಕೈವರೆಗೆ ಒಳಗೆ ಕೈ ಹಾಕುತ್ತಾನೆ. ಲೋಳೆಲೋಳೆ ನಾರು ಬೆರಳಿಗೆ ಸುತ್ತಿಕೊಂಡು ಬಂದರೆ ಅವನ ಕಿರುಚಾಟ ಪಕ್ಕದ ಮನೆಗೂ ಕೇಳಿಸುತ್ತದೆ. ಎಲ್ಲವನ್ನೂ ಒಂದು ದೊಡ್ಡ ಪಾತ್ರೆ ನೀರಿಗೆ ಹಾಕಿ ಕೈಯಲ್ಲಿ ತಿಕ್ಕಿದರೆ ಬೀಜ ಮೇಲೆ ತೇಲುತ್ತದೆ. ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಸಿದು, ಬಟ್ಟೆ ಮೇಲೆ ಹರಡಿ ರಾತ್ರಿಯಿಡೀ ಆರಲು ಬಿಡುತ್ತೇನೆ. ಪೇಪರ್ ಟವೆಲ್ ಬೇಡ, ಅಂಟಿಕೊಳ್ಳುತ್ತದೆ. ಒಂದೂವರೆ ಕಪ್ ಬೀಜಕ್ಕೆ ಒಂದು ದೊಡ್ಡ ಚಮಚ ಎಣ್ಣೆ, ಉಪ್ಪು, ಅಚ್ಚಖಾರದ ಪುಡಿ, ಚಿಟಿಕೆ ಇಂಗು. 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಓವನ್ನಿನಲ್ಲಿ ಇಪ್ಪತ್ತು-ಇಪ್ಪತ್ತೈದು ನಿಮಿಷ, ನಡುವೆ ಒಂದೆರಡು ಸಲ ಕೈಯಾಡಿಸಬೇಕು. ಇಂಗಿನ ಘಮ ಬಂದರೆ ಸಾಕು, ಯಾರನ್ನೂ ಕರೆಯಬೇಕಾಗಿಲ್ಲ.

ಕೆತ್ತಿದ ಕಾಯನ್ನು ವಿಡಿಯೋ ಕಾಲ್‌ನಲ್ಲಿ ನೋಡಿ ಅಮ್ಮ, "ನಮ್ಮಲ್ಲೂ ಹೊಸ ಮನೆ ಕಟ್ಟುವಾಗ ಬೂದುಗುಂಬಳಕ್ಕೆ ರಾಕ್ಷಸನ ಮುಖ ಬರೆದು ನೇತು ಹಾಕ್ತೀವಲ್ಲ, ಹಾಗೇ ಇದೆ ಕಣೇ" ಅಂದರು. ಮರುದಿನ ಮಗಳು ಕಾಯಿಗೆ ಮೀಸೆ ಬರೆದಳು, ನಾಲಿಗೆಯನ್ನೂ ಬರೆದಳು.

ಮಮ್ಮಿ ಮಾಡುವುದು ಸ್ವಲ್ಪ ನಾಜೂಕು. ಈಜಿಪ್ಟಿನಲ್ಲಿ ಬಟ್ಟೆ ಸುತ್ತಿ ಇಡುತ್ತಿದ್ದ ಹೆಣ ಇದೆಯಲ್ಲ, ಆ ಮಮ್ಮಿ. ಬೆರಳು ದಪ್ಪದ ಪ್ರೆಟ್ಜಲ್ (ಗರಿಗರಿ ಉಪ್ಪು ಬಿಸ್ಕತ್ತು) ಕಡ್ಡಿಗಳ ಮೇಲೆ ಕರಗಿಸಿದ ಬಿಳಿ ಚಾಕೊಲೇಟನ್ನು ಆಚೆಯಿಂದೀಚೆಗೆ ಎಳೆಎಳೆಯಾಗಿ ಬಿಡಬೇಕು. ಜಿಪ್ ಚೀಲದ ಮೂಲೆ ಕತ್ತರಿಸಿ ಕೊಟ್ಟರೆ ಮಗಳು ಮೆಹಂದಿ ಕೋನ್ ಹಿಡಿದ ಹಾಗೆ ಹಿಡಿಯುತ್ತಾಳೆ. ಒಂದು ಕಪ್ ಬಿಳಿ ಚಿಪ್ಸ್, ಒಂದು ಟೀ ಚಮಚ ಕೊಬ್ಬರಿ ಎಣ್ಣೆ. ಮೈಕ್ರೋವೇವ್ ಅರ್ಧ ಪವರ್‌ನಲ್ಲಿರಲಿ. ಮೂವತ್ತು ಸೆಕೆಂಡಿಗೊಮ್ಮೆ ತೆಗೆದು ಕಲಸಿ. ಅವಸರ ಮಾಡಿದರೆ ಸೀದುಹೋಗುತ್ತದೆ.

ಹೋದ ವರ್ಷ ಎಲ್ಲ ಸರಿಯಾಗಿಯೇ ಇತ್ತು. ನೆಲಕ್ಕೆ ಬಿದ್ದ ಚಮಚವನ್ನು ಮಗಳು ತೊಳೆದು ಹಾಗೇ ಒದ್ದೆಯಲ್ಲೇ ಬಟ್ಟಲಿಗೆ ಹಾಕಿದಳು. ಕಣ್ಣೆದುರೇ ಚಾಕೊಲೇಟ್ ಹೊಳಪು ಕಳೆದುಕೊಂಡು ಮುದ್ದೆಯಾಯಿತು. ನಾಲ್ಕು ಹನಿ ನೀರು ಸಾಕು, ಅದರಲ್ಲಿರುವ ಸಕ್ಕರೆ ಕಣಗಳು ಒಂದಕ್ಕೊಂದು ಅಂಟಿ ಗಂಟು ಕಟ್ಟುತ್ತವೆ. ಮತ್ತೆ ಎಳೆ ಬಿಡುವ ಹದಕ್ಕೆ ಅದು ಬರುವುದಿಲ್ಲ. ಮಗಳ ಕಣ್ಣಲ್ಲಿ ನೀರು. ಬಿಸಿ ಹಾಲನ್ನು ಚಮಚ ಚಮಚವಾಗಿ ಹಾಕಿ ಕಲಸುತ್ತಾ ಹೋದೆವು. ಮುದ್ದೆ ಬಿಟ್ಟುಕೊಂಡು ಗಟ್ಟಿ ಸಾಸ್ ಆಯಿತು. ಅದನ್ನು ಬಾಳೆಹಣ್ಣಿನ ದೆವ್ವಗಳಿಗೆ ಮುಂಡಾಸಿನ ಹಾಗೆ ಸುರಿದಳು. ಮಮ್ಮಿಗೆ ಹೊಸದಾಗಿ ಇನ್ನೊಂದು ಕಪ್ ಕರಗಿಸಿದೆವು. ಈಗ ಬಟ್ಟಲು, ಚಮಚ ಒರೆಸುವುದು ಮಗನ ಕೆಲಸ. ಬಹಳ ಕಟ್ಟುನಿಟ್ಟು.

ನಮ್ಮಂಥ ಸಸ್ಯಾಹಾರಿಗಳು ಪ್ಯಾಕೆಟ್ ತಿರುಗಿಸಿ ಓದಲೇಬೇಕು. ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಮಿಠಾಯಿಯಲ್ಲಿ ಸಾಮಾನ್ಯವಾಗಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇರುತ್ತದೆ. ಜೋಳದ ಕಾಳಿನ ಆಕಾರದ ಮಿಠಾಯಿ ಕ್ಯಾಂಡಿ ಕಾರ್ನ್‌ನಲ್ಲೂ ಎಷ್ಟೋ ಸಲ ಇರುತ್ತದೆ. ನಾನು ಡ್ಯಾಂಡೀಸ್ ಅನ್ನುವ ಸಸ್ಯಾಹಾರಿ ಮಾರ್ಷ್‌ಮ್ಯಾಲೋ ತರುತ್ತೇನೆ. ಬೆಣ್ಣೆಯಲ್ಲಿ ಕರಗಿಸಿ ಮಂಡಕ್ಕಿ ಕಲಸಿದರೆ ಒಳ್ಳೆ ಉಂಡೆ ಆಗುತ್ತದೆ. ಪೂರ್ತಿ ಬಿಸಿ ಆರಿದ ಮೇಲೇ ಮಕ್ಕಳ ಕೈಗೆ ಕೊಡಿ.

ಬಾಗಿಲಿಗೆ ಬರುವ ಮಕ್ಕಳಿಗೆ ಇವನ್ನು ಕೊಡುವುದಿಲ್ಲ. ಇಲ್ಲಿ ಅಪರಿಚಿತರ ಮನೆಯ ತಿಂಡಿ ತಿನ್ನಬೇಡಿ ಅಂತ ಮಕ್ಕಳಿಗೆ ಹೇಳಿಕೊಡುತ್ತಾರೆ, ಅದು ಸರಿಯೇ. ಅವರಿಗೆ ಅಂಗಡಿಯ ಸೀಲ್ ಮಾಡಿದ ಚಾಕೊಲೇಟ್. ಜೊತೆಗೆ ಮೆಟ್ಟಿಲ ಮೇಲೆ ಹಸಿರುನೀಲಿ ಬಣ್ಣದ ಒಂದು ಕುಂಬಳಕಾಯಿ ಇಡುತ್ತೇವೆ. ಅಲರ್ಜಿ ಇರುವ ಮಕ್ಕಳಿಗೆ ಇಲ್ಲಿ ತಿನ್ನದ ವಸ್ತುವೂ ಸಿಗುತ್ತದೆ ಅನ್ನುವ ಗುರುತು ಅದು. ಸ್ಟಿಕರ್, ಪೆನ್ಸಿಲ್ ಇಟ್ಟ ಆ ಬಟ್ಟಲಿನ ಹೊಣೆ ಮಗಳದು.

ಮನೆಯ ತಿಂಡಿ ನಮಗೆ, ಗುರುತಿನ ನಾಲ್ಕು ಮನೆಗಳಿಗೆ. 2024ರಲ್ಲಿ ದೀಪಾವಳಿಯೂ ಒಟ್ಟಿಗೇ ಬಂತು. ತಟ್ಟೆಯಲ್ಲಿ ಚಕ್ಕುಲಿ, ರವೆ ಉಂಡೆ, ಪಕ್ಕದಲ್ಲೇ ಮಗ ಮಾಡಿದ ಮಮ್ಮಿಗಳು. ಒಂದಕ್ಕೆ ಮೂರು ಕಣ್ಣು ಇಟ್ಟಿದ್ದ. ಯಾಕೋ ಅಂದರೆ, "ಇದು ಶಿವಪ್ಪನ ಮಮ್ಮಿ" ಅಂದ.