ಪವರ್ ವಿಂಡೋ ಕೈಕೊಟ್ಟರೆ ಮೊದಲು ಮೋಟಾರನ್ನು ದೂರಬೇಡಿ

15 ವರ್ಷ ಪೂರೈಸಿ ನೋಂದಣಿ ನವೀಕರಿಸಿಕೊಂಡ ಕಾರುಗಳಲ್ಲಿ ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿರುವಾಗಲೇ ಕಿಟಕಿಯ ಗಾಜು ಅರ್ಧಕ್ಕೆ ನಿಂತುಬಿಡುವುದು ಸಾಮಾನ್ಯ. ಮೋಟಾರು ಸುಟ್ಟಿದೆ ಎಂದು ತಾವೇ ತೀರ್ಮಾನಿಸಿ, ಹೊಸದನ್ನು ತಂದು ಕೂರಿಸಿ, ಆಮೇಲೂ ಗಾಜು ಏಳದೆ ಪೇಚಾಡಿದವರನ್ನು ನಾನು ಹಲವು ಸಲ ನೋಡಿದ್ದೇನೆ.

ಇಗ್ನಿಷನ್ ಆನ್ ಮಾಡಿ, ಸ್ವಿಚ್ ಒತ್ತಿ, ಬಾಗಿಲಿಗೆ ಕಿವಿಗೊಡಿ. ಮೋಟಾರು ತಿರುಗುವ ಸದ್ದಿದ್ದೂ ಗಾಜು ಅಲುಗದಿದ್ದರೆ ದೋಷವಿರುವುದು ಗಾಜನ್ನು ಏರಿಸಿ ಇಳಿಸುವ, ಮೆಕ್ಯಾನಿಕ್‌ಗಳು ‘ವಿಂಡೋ ಮೆಷಿನ್’ ಎಂದು ಕರೆಯುವ ರೆಗ್ಯುಲೇಟರಿನಲ್ಲಿ. ಗಾಜು ನರಳುತ್ತಾ ನಿಧಾನವಾಗಿ ಏರಿದರೆ ಅದು ಜಾರುವ ರಬ್ಬರ್ ಬೀಡಿಂಗ್ ಒಣಗಿದೆ ಎಂದರ್ಥ. ಬೀಡಿಂಗನ್ನು ಒರೆಸಿ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಂಜಿನ್ ಆಯಿಲ್, ಗ್ರೀಸ್, ತೆಂಗಿನೆಣ್ಣೆಗಳನ್ನು ಅದರ ಹತ್ತಿರವೂ ತರಬೇಡಿ, ಎಣ್ಣೆಗೆ ದೂಳು ಅಂಟಿ ಬರಬರುತ್ತಾ ಗಾಜು ಮೊದಲಿಗಿಂತ ಬಿಗಿಯಾಗುತ್ತದೆ.

ಸದ್ದೇ ಇಲ್ಲದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದನ್ನು ಹಾಕಬೇಕು. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಕೆಲಸ ಸಾಗಿಸುವವರು ಒಂದು ಫ್ಯೂಸ್ ಉಳಿಸಲು ಹೋಗಿ ಇಡೀ ವೈರಿಂಗ್ ಸುಟ್ಟುಕೊಳ್ಳುತ್ತಾರೆ. ಚಾಲಕನ ಕಿಟಕಿ ಸರಿಯಿದ್ದು ಉಳಿದ ಮೂರೂ ಸತ್ತಂತಿದ್ದರೆ ಆತನ ಬಾಗಿಲಿನಲ್ಲಿರುವ ಲಾಕ್ ಗುಂಡಿ ಅಕಸ್ಮಾತ್ ಒತ್ತಿಹೋಗಿದೆಯೇ ಎಂದು ಗಮನಿಸಿ. ಇವೆರಡೂ ಸರಿಯಿದ್ದರೆ, ಸ್ವಿಚ್ ಒತ್ತಿಹಿಡಿದು ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿ. ಯಾವುದೋ ಒಂದು ಕೋನದಲ್ಲಿ ಮಾತ್ರ ಗಾಜು ಮಿಸುಕಿದರೆ, ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯೊಳಗೆ ವೈರು ಮುರಿದಿದೆ. ಅದನ್ನು ಹೊಸೆದು ಟೇಪ್ ಸುತ್ತಿದರೆ ಸಾಲದು, ಬೆಸುಗೆ ಹಾಕಿಸಲೇಬೇಕು. ಕೊನೆಗೆ ಮೋಟಾರಿನ ಕನೆಕ್ಟರ್ ಕಳಚಿ, ಫ್ಯೂಸ್ ಇರುವ ಎರಡು ವೈರುಗಳಿಂದ ಬ್ಯಾಟರಿಯ 12 ವೋಲ್ಟ್ ನೇರವಾಗಿ ಕೊಟ್ಟು ನೋಡಿ. ಮೋಟಾರು ತಿರುಗಿ, ವೈರು ಅದಲುಬದಲು ಮಾಡಿದಾಗ ಹಿಮ್ಮುಖವಾಗಿಯೂ ತಿರುಗಿದರೆ ಅದು ಚೆನ್ನಾಗಿದೆ, ದುಡ್ಡು ಉಳಿಯಿತು.

ಮೆಷಿನ್ ಬದಲಿಸುವುದೇ ನಿಜವಾದ ಪರೀಕ್ಷೆ. ಡೋರ್ ಪ್ಯಾಡ್, ಅಂದರೆ ಬಾಗಿಲಿನ ಒಳಬದಿಯ ಹೊದಿಕೆ, ಬಿಚ್ಚುವುದು ಕಷ್ಟವಲ್ಲ: ಹಿಡಿಕೆಯ ಹಿಂದೆ, ಆರ್ಮ್‌ರೆಸ್ಟ್ ಕೆಳಗೆ ಅಡಗಿರುವ ಸ್ಕ್ರೂಗಳನ್ನು ತೆಗೆದು, ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟಬೇಕು. ಒಳಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿಡಿ.

ಈಗ ಗಾಜು. ಅವಸರಪಟ್ಟವರ ಗಾಜು ಒಡೆಯುವುದು ಈ ಹಂತದಲ್ಲಿಯೇ. ಗಾಜನ್ನು ಹಿಡಿದಿರುವ ಎರಡು ಬೋಲ್ಟ್‌ಗಳು ಬಾಗಿಲಿನ ತೂತುಗಳಲ್ಲಿ ಕಾಣುವವರೆಗೆ ಗಾಜನ್ನು ಇಳಿಸಿ, ಬೋಲ್ಟ್ ಬಿಚ್ಚಿ, ಗಾಜನ್ನು ಎರಡೂ ಕೈಗಳಿಂದ ಪೂರ್ತಿ ಮೇಲಕ್ಕೆತ್ತಿ. ಹೊರಗಿನಿಂದ ಚೌಕಟ್ಟಿನ ಮೇಲೆ ಹಾಯ್ದು ಒಳಬದಿಗೆ ಬರುವಂತೆ ಅಗಲವಾದ ಮಾಸ್ಕಿಂಗ್ ಟೇಪನ್ನು ಎರಡು ಕಡೆ ಹಾಕಿ. ಅಂಟಿಸುವ ಮುನ್ನ ಗಾಜಿನ ತೇವ, ದೂಳು ಒರೆಸಿರಬೇಕು. ತೆಳ್ಳನೆಯ ಕಪ್ಪು ಇನ್ಸುಲೇಷನ್ ಟೇಪ್ ಆ ಭಾರಕ್ಕೆ ನಿಲ್ಲದು. ಮೋಟಾರು ಕೆಟ್ಟು ಗಾಜು ಇಳಿಯದೇ ಇದ್ದರೆ ಮೊದಲು ಟೇಪ್ ಹಾಕಿ, ಆಮೇಲೆ ಮೋಟಾರಿಗೆ ಕೈ ಹಚ್ಚಿ, ಏಕೆಂದರೆ ಕೇಬಲ್ ಮಾದರಿಯ ಮೆಷಿನ್ನಿನಲ್ಲಿ ಮೋಟಾರು ಕಳಚಿದೊಡನೆ ಗಾಜು ಧುಮುಕಬಹುದು. ಕತ್ತರಿಯಾಕಾರದ ತೋಳುಗಳ ಮಾದರಿಯಲ್ಲಂತೂ ಸುರುಳಿ ಸ್ಪ್ರಿಂಗ್ ಇರುತ್ತದೆ. ತೋಳನ್ನು ಕಟ್ಟಿಹಾಕದೆ ಮೋಟಾರು ತೆಗೆದರೆ ಅದು ಬೆರಳು ಕತ್ತರಿಸುವಷ್ಟು ಜೋರಾಗಿ ಹೊಡೆಯುತ್ತದೆ. ಇಂಥದ್ದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಹೊಸ ಮೆಷಿನ್ನಿಗೆ ಬೆಂಗಳೂರಿನವರು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಹಳೆಯದನ್ನು ಜೊತೆಗೇ ಒಯ್ದು ಹೋಲಿಸಬೇಕು, ಎಡ–ಬಲ ಅದಲುಬದಲಾಗುವುದು ಸರ್ವೇಸಾಮಾನ್ಯ. ಕೇಬಲ್ ತುದಿಯ ಪ್ಲಾಸ್ಟಿಕ್ ತುಂಡು ಉಗುರಿಗೆ ಬಾಗುವಂತಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ.

ಜೋಡಿಸುವಾಗ ಮೆಷಿನ್ನಿನ ಹಳಿಯನ್ನು ಬಾಗಿಲಿಗೆ ಹಿಡಿಸುವ ಬೋಲ್ಟ್‌ಗಳನ್ನು ಮೊದಲಿಗೆ ಸಡಿಲವಾಗಿಯೇ ಬಿಡಿ. ಗಾಜನ್ನು ಹಿಡಿದುಕೊಂಡು ಟೇಪ್ ಕಿತ್ತು, ಅದನ್ನು ಮೆಲ್ಲಗೆ ಮೆಷಿನ್ನಿನ ಮೇಲಕ್ಕೆ ಇಳಿಸಿ, ಗಾಜಿನ ಬೋಲ್ಟ್‌ಗಳನ್ನು ವಾಷರ್ ಸಮೇತ ಹದವಾಗಿ ಬಿಗಿದು, ಸ್ವಿಚ್ಚಿನಿಂದ ಗಾಜನ್ನು ಪೂರ್ತಿ ಮೇಲೇರಿಸಿ. ಅದು ಬೀಡಿಂಗಿನಲ್ಲಿ ತಾನಾಗಿ ಕುಳಿತ ಮೇಲೆಯೇ ಹಳಿಯ ಬೋಲ್ಟ್‌ಗಳನ್ನು ಬಿಗಿಯಬೇಕು. ಗಾಜು ಕೆಳಗಿರುವಾಗಲೇ ಎಲ್ಲವನ್ನೂ ಬಿಗಿದರೆ ಅದು ಓರೆಯಾಗಿ ಏರಿ, ಹೊಸ ಕೇಬಲ್ಲನ್ನೂ ಬೇಗನೆ ತಿಂದುಹಾಕುತ್ತದೆ.

ಪ್ಯಾಡ್ ಹಾಕುವ ಮುನ್ನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ. ಅದನ್ನು ಕಸವೆಂದು ಎಸೆದವರ ಕಾರಿನ ಕಾರ್ಪೆಟ್ ಮುಂದಿನ ಮಳೆಗೇ ತೊಯ್ಯುತ್ತದೆ. ಕೊನೆಯಲ್ಲಿ ಮುಚ್ಚಿದ ಗಾಜಿನ ಮೇಲೆ ಒಂದು ಬಕೆಟ್ ನೀರು ಸುರಿದು, ಅದು ಬಾಗಿಲಿನ ತಳದ ಸಣ್ಣ ಕಿಂಡಿಗಳಿಂದ ಹೊರಬರುತ್ತದೆಯೇ ನೋಡಿ. ಬರದಿದ್ದರೆ ಒಂದು ತೆಂಗಿನ ಕಡ್ಡಿಯಿಂದ ಕಿಂಡಿಗಳಲ್ಲಿನ ಕೆಸರನ್ನು ಬಿಡಿಸಿ.