ಮೂರು ತಿಂಗಳಿಗೆ ನಿಂತುಹೋಗುತ್ತಿದ್ದ ಲೊಕೇಶನ್: ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಗಲ್ಲಿಯೊಂದರಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಯಿದೆ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್, ಬ್ಯಾಟರಿ ಬದಲಾವಣೆಯೇ ಹೊಟ್ಟೆಪಾಡು. ಅದರ ಜೊತೆಗೆ ಸುಮಾರು ಮೂರು ವರ್ಷಗಳಿಂದ ಮನೆಮಂದಿಯ ಫೋನುಗಳಲ್ಲಿ ಲೊಕೇಶನ್ ಶೇರಿಂಗ್, ಅಂದರೆ ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರ ಫೋನಿನಲ್ಲಿ ಕಾಣುವಂತೆ, ಹಾಕಿಕೊಡುವ ಕೆಲಸವನ್ನೂ ಮಾಡುತ್ತ ಬಂದಿದ್ದೇನೆ. ಈ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುತ್ತೇನೆಂದು ಮೊದಲು ಹೇಳಿದಾಗ ನಮ್ಮ ಸಾಲಿನ ಅಂಗಡಿಯವರೆಲ್ಲ ನಕ್ಕಿದ್ದರು. ಅವರ ನಗೆಗೆ ಕಾರಣವೂ ಇತ್ತು. ನಾನು ಹಾಕಿಕೊಟ್ಟದ್ದು ಮೂರು ನಾಲ್ಕು ತಿಂಗಳಿಗೆ ತಾನಾಗಿಯೇ ನಿಂತುಹೋಗುತ್ತಿತ್ತು, ಗಿರಾಕಿಗಳು ತಿರುಗಿ ಬಂದು ದುಡ್ಡು ವಾಪಸ್ ಕೇಳುತ್ತಿದ್ದರು. ಎದುರಂಗಡಿಯ ಕಾಕಾ ಅವರಂತೂ "ತಮ್ಮಾ, ನಿನ್ನ ಲೊಕೇಶನ್ ಅಂದ್ರ ಮೂರು ತಿಂಗಳ ಮಾತದ" ಎಂದು ಎಲ್ಲರೆದುರು ಆಡಿಕೊಳ್ಳುತ್ತಿದ್ದರು. ಈಗ ಒಂದೂವರೆ ವರ್ಷದ ಹಿಂದೆ ಹಾಕಿಕೊಟ್ಟ ಮನೆಗಳಲ್ಲಿ ಹತ್ತಕ್ಕೆ ಎಂಟೊಂಬತ್ತು ಇನ್ನೂ ನಡೆಯುತ್ತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ. ಓದುವವರಲ್ಲಿ ಹೆಚ್ಚಿನವರು ನನ್ನಂತೆಯೇ ಕೌಂಟರಿನ ಹಿಂದೆ ಕೂರುವವರೆಂದು ತಿಳಿದು, ಆಪ್ ಹಾಕುವುದು ಹೇಗೆ, ಜಿಪಿಎಸ್ ಎಂದರೇನು ಎಂಬುದನ್ನೆಲ್ಲ ಬಿಟ್ಟಿದ್ದೇನೆ.

ಮೊದಲ ಪೆಟ್ಟು ಬಿದ್ದದ್ದು ಅಫಜಲಪುರದ ಕಡೆಯ ಒಂದು ತೊಗರಿ ಹೊಲದಿಂದ. ಮಗ ಕಲಬುರಗಿಯಲ್ಲಿ ನೌಕರಿಯಲ್ಲಿದ್ದರು. ಎಪ್ಪತ್ತು ದಾಟಿದ ತಂದೆ ಒಮ್ಮೆ ಹೊಲದಲ್ಲಿ ತಲೆಸುತ್ತಿ ಬಿದ್ದಿದ್ದರಿಂದ ಅವರು ಎಲ್ಲಿದ್ದಾರೆಂದು ಮಗನಿಗೆ ಕಾಣಬೇಕಿತ್ತು. ಗೂಗಲ್ ಮ್ಯಾಪ್ಸ್‌ನಲ್ಲಿ ನಾವೇ ನಿಲ್ಲಿಸುವವರೆಗೆ ಹಂಚಿಕೆ ನಡೆಯುವಂತೆ ಹಾಕಿಕೊಟ್ಟು 150 ರೂಪಾಯಿ ತೆಗೆದುಕೊಂಡೆ. ನಾಲ್ಕನೆಯ ದಿನ ಮಗ ಬಂದು ನಿಂತರು: "ಅಪ್ಪಾ ಹೊಲದಾಗ ಅದಾರಂತ ಈಗಷ್ಟೇ ಫೋನ್ ಮಾಡಿ ಕೇಳೀನ್ರಿ, ನಿಮ್ಮ ಮ್ಯಾಪ್ ನೋಡಿದ್ರ ಮನ್ಯಾಗ ಅದಾರಂತ ತೋರಸ್ಲತ್ತದ." ನಾನು ಆ ಫೋನನ್ನು ತರಿಸಿಕೊಂಡು ಎರಡು ಸಲ ರೀಸೆಟ್ ಮಾಡಿದೆ, ಬೇರೆ ಆಪ್ ಹಾಕಿದೆ, ಜಿಪಿಎಸ್ ಆಂಟೆನಾದ ಸಂಪರ್ಕ ಕೆಟ್ಟಿರಬಹುದೆಂದು ಹಿಂಬದಿಯನ್ನೂ ಬಿಚ್ಚಿದೆ. ಎಲ್ಲ ಸರಿಯಾಗಿಯೇ ಇತ್ತು. ಮರಳಿ ಮ್ಯಾಪ್ಸ್ ಹಾಕಿ ಕಳಿಸಿದರೆ ಅದೇ ರಾಗ. ಕೊನೆಗೆ ಒಂದು ಭಾನುವಾರ ಅಂಗಡಿ ಮುಚ್ಚಿ ಬಸ್ಸು ಹತ್ತಿ ಅವರ ಮನೆಗೇ ಹೋದೆ. ಪಡಸಾಲೆಯಲ್ಲಿ ಮೊಮ್ಮಗ ಚಾಪೆಯ ಮೇಲೆ ಬೋರಲಾಗಿ ಮಲಗಿ, ಗಾಜು ಒಡೆದು ರಬ್ಬರ್ ಬ್ಯಾಂಡ್ ಸುತ್ತಿದ್ದ ಹಳೆಯ ಫೋನೊಂದರಲ್ಲಿ ಕಾರ್ಟೂನ್ ನೋಡುತ್ತಿದ್ದ. ಚಾರ್ಜರಿನ ವಯರು ಗೋಡೆಯ ಪಿನ್ನಿನಿಂದ ಅದಕ್ಕೆ ಸದಾ ಅಂಟಿಕೊಂಡೇ ಇತ್ತು. ಅದು ಅಜ್ಜನ ಹಿಂದಿನ ಫೋನು. ಅದರಲ್ಲಿ ಅಜ್ಜನ ಗೂಗಲ್ ಖಾತೆ ಇನ್ನೂ ತೆರೆದೇ ಇದ್ದುದರಿಂದ, ಹೊಲಕ್ಕೆ ಹೋದ ಫೋನನ್ನು ಬಿಟ್ಟು ಮನೆಯಲ್ಲಿ ಚಾಪೆಯ ಮೇಲಿದ್ದ ಫೋನೇ ಅಜ್ಜನ ಜಾಗವನ್ನು ಹೇಳುತ್ತಿತ್ತು. ಖಾತೆಯನ್ನು ಅದರಿಂದ ತೆಗೆಯಲು ಒಂದು ನಿಮಿಷ ಹಿಡಿಯಿತು, ಕಂಡುಹಿಡಿಯಲು ಹದಿನೈದು ದಿನ ಹಿಡಿದಿತ್ತು. ಅಂದಿನಿಂದ ಮನೆಯಲ್ಲಿರುವ ಹಳೆಯ ಫೋನು, ಟ್ಯಾಬ್ಲೆಟ್ಟುಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಬರಲು ಹೇಳದೆ ನಾನು ಕೆಲಸ ಹಿಡಿಯುವುದಿಲ್ಲ. ಐಫೋನಿನವರಿಗೂ ಇದೇ ಕಥೆಯಾಗುತ್ತದೆ, ಆದರೆ ಅಲ್ಲಿ ಫೈಂಡ್ ಮೈ ಎಂಬ ಆಪಲ್‌ನ ಆಪಿನೊಳಗೆ ಈ ಐಫೋನನ್ನೇ ನನ್ನ ಜಾಗವಾಗಿ ಬಳಸು ಎಂಬ ಗುಂಡಿಯಿರುವುದರಿಂದ ಬೇಗ ಮುಗಿಯುತ್ತದೆ.

ಎರಡನೆಯ ಪೆಟ್ಟಿಗೆ ಕಾರಣ ನನ್ನ ಅಜಾಗರೂಕತೆಯೇ. ಬೀದರಿನಲ್ಲಿ ನರ್ಸಿಂಗ್ ಓದುತ್ತಿದ್ದ ಹುಡುಗಿಯೊಬ್ಬಳು ಹುಮನಾಬಾದ್ ಮಾರ್ಗದ ಬಸ್ಸಿನಲ್ಲಿ ಹೊರಟ ದಿನ, ಮ್ಯಾಪಿನಲ್ಲಿ ಅವಳ ಜಾಗ ತೋರಿಸುವ ಚುಕ್ಕಿ ಕಲಬುರಗಿ ಬಸ್ ನಿಲ್ದಾಣದಲ್ಲೇ ನಿಂತುಬಿಟ್ಟಿತು. ರಾತ್ರಿ ಎಂಟಕ್ಕೆ ಅವಳ ತಾಯಿ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಅಳುತ್ತಿದ್ದರು. ಹುಡುಗಿ ಅಷ್ಟೊತ್ತಿಗೆ ಹಾಸ್ಟೆಲ್ ಸೇರಿ, ಫೋನನ್ನು ಆಫ್ ಮಾಡಿ ಚಾರ್ಜಿಗಿಟ್ಟು ಊಟಕ್ಕೆ ಹೋಗಿದ್ದಳು. ತಪ್ಪು ಎರಡು ಕಡೆ ಇತ್ತು. 2019ರ ಆಂಡ್ರಾಯ್ಡ್ 10ರಿಂದ ಆಪ್ ಬಳಸುವಾಗ ಮಾತ್ರ ಎಂಬ ಅನುಮತಿ ಬಂದಿದೆ. 2020ರ ಆಂಡ್ರಾಯ್ಡ್ 11ರಿಂದ ಸದಾಕಾಲ ಎಂಬುದನ್ನು ಆರಿಸಲು ಸೆಟ್ಟಿಂಗ್ಸ್ ಒಳಗೇ ಹೋಗಬೇಕು. ಮೇಲೆ ತೇಲಿ ಬರುವ ಚೌಕದಲ್ಲಿ ಒತ್ತಿದೊಡನೆ ಕೆಲಸವಾಯಿತೆಂದು ನಾನು ನಂಬಿದ್ದೆ. ಜೊತೆಗೆ ಆ ಹುಡುಗಿಗೆ ಐದು ನಿಮಿಷಕ್ಕೊಮ್ಮೆ ರೀಸೆಂಟ್ಸ್ (ಈಚೆಗೆ ತೆರೆದ ಆಪುಗಳ ಪಟ್ಟಿ) ತೆರೆದು ಕ್ಲಿಯರ್ ಆಲ್ ಒತ್ತುವ ಅಭ್ಯಾಸವಿತ್ತು. ಅನೇಕ ಕಂಪನಿಗಳ ಫೋನುಗಳಲ್ಲಿ ಹಾಗೆ ಮಾಡಿದರೆ ಹಿನ್ನೆಲೆಯಲ್ಲಿ ನಡೆಯುವ ಆಪ್ ಪೂರ್ತಿ ಸತ್ತುಹೋಗುತ್ತದೆ. ರೀಸೆಂಟ್ಸ್‌ನಲ್ಲಿ ಆಪಿಗೆ ಬೀಗದ ಗುರುತು ಹಾಕುವುದು, ಆಪ್ ತಾನೇ ಶುರುವಾಗಲು ಆಟೋಸ್ಟಾರ್ಟ್ ಕೊಡುವುದು, ಬ್ಯಾಟರಿ ನಿರ್ಬಂಧ ತೆಗೆಯುವುದು ಈಗ ನನ್ನ ಕೈಗೆ ಅಭ್ಯಾಸವಾಗಿದೆ, ಆ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬ್ಯಾಟರಿ ಬೇಗ ಖಾಲಿಯಾಗುತ್ತದೆಂದು ಎಲ್ಲರೂ ಹೆದರಿಸಿದ್ದರು. ನಾನು ನೋಡಿದ ಮಟ್ಟಿಗೆ ದಿನಕ್ಕೆ ನೂರಕ್ಕೆ ಮೂರು ನಾಲ್ಕರಷ್ಟು ಮಾತ್ರ ಹೋಗುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೂ ಮೂರು ತಿಂಗಳ ಒಗಟು ಉಳಿದೇ ಇತ್ತು. ಹಾಕಿದ ದಿನ, ನಿಂತ ದಿನ, ಫೋನಿನ ಮಾದರಿ, ಯಾರ ಕೈಯಲ್ಲಿದೆ ಎಂಬುದನ್ನು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಕೆಲಸವಿಲ್ಲದೆ ಕುಳಿತಾಗ ಆ ಪುಟಗಳನ್ನು ಒಟ್ಟಿಗೆ ನೋಡಿದೆ. ನಿಂತುಹೋದವುಗಳಲ್ಲಿ ಹೆಚ್ಚಿನವು ಅಜ್ಜ ಅಜ್ಜಿಯರ ಫೋನುಗಳೇ. ಮಕ್ಕಳ ಫೋನಿನಲ್ಲಿ ಅದೇ ಆಪ್, ಅದೇ ಕಂಪನಿಯ ಫೋನು, ಆದರೂ ನಡೆಯುತ್ತಿತ್ತು. ವ್ಯತ್ಯಾಸ ಒಂದೇ ಇತ್ತು: ಮಕ್ಕಳು ಆಪ್ ತೆರೆದು ನೋಡುತ್ತಾರೆ, ಅಜ್ಜ ಅದನ್ನು ಎಂದೂ ತೆರೆಯುವುದಿಲ್ಲ. ಕೆಲವು ತಿಂಗಳು ತೆರೆಯದ ಆಪಿನ ಅನುಮತಿಗಳನ್ನು ಫೋನು ತಾನೇ ಹಿಂತೆಗೆದುಕೊಳ್ಳುವ ಏರ್ಪಾಡು ಆಂಡ್ರಾಯ್ಡ್ 11ರಿಂದ ಇದೆ, ಆಪಿನ ಮಾಹಿತಿ ಪುಟದ ಕೆಳಗೆ ಅದರ ಗುಂಡಿಯಿರುತ್ತದೆ. ನಾವು ಹಾಕಿದ ಆಪ್ ಹಿನ್ನೆಲೆಯಲ್ಲಿ ದುಡಿಯುತ್ತಿದ್ದರೂ, ಯಾರೂ ತೆರೆಯದ ಕಾರಣ ಫೋನಿನ ಲೆಕ್ಕದಲ್ಲಿ ಅದು ಬೇಡವಾದ ಆಪ್. ಆ ಗುಂಡಿಯನ್ನು ಆಫ್ ಮಾಡಿದ ಹದಿನೆಂಟೋ ಇಪ್ಪತ್ತೋ ಫೋನುಗಳಲ್ಲಿ ಐದನೆಯ ತಿಂಗಳು ದಾಟಿದ ಮೇಲೂ ಒಂದೇ ಒಂದು ನಿಂತಿತ್ತು, ಅದೂ ಫೋನು ನೀರಿಗೆ ಬಿದ್ದು. ಆ ಸಾಲನ್ನು ಎದುರಂಗಡಿಯ ಕಾಕಾ ಅವರಿಗೆ ತೋರಿಸಿದಾಗ ಅವರು ಮಾತಾಡದೆ ಎರಡು ಚಹಾ ಹೇಳಿದರು.

ಅಷ್ಟರಲ್ಲಿ ಹೋದ ದುಡ್ಡಿನ ಲೆಕ್ಕವೂ ಸಣ್ಣದಲ್ಲ. ವಾಪಸ್ ಕೊಟ್ಟದ್ದೇ ಸುಮಾರು ನಾಲ್ಕು ಸಾವಿರ. ಪರೀಕ್ಷೆಗೆಂದು ತೆಗೆದುಕೊಂಡ ಎರಡು ಸೆಕೆಂಡ್ ಹ್ಯಾಂಡ್ ಫೋನುಗಳಿಗೆ ಒಂಬತ್ತು ಸಾವಿರದ ಹತ್ತಿರ. ಅವುಗಳ ರೀಚಾರ್ಜು, ಬಸ್ಸಿನ ಖರ್ಚು ಬೇರೆ. ಮೊದಲ ಒಂದು ವರ್ಷ ಈ ಕೆಲಸದಿಂದ ನನಗೆ ಬಿಡಿಗಾಸೂ ಉಳಿಯಲಿಲ್ಲ. ಈಗ ಒಂದು ಮನೆಗೆ, ನಾಲ್ಕು ಫೋನಿನವರೆಗೆ, 300 ರೂಪಾಯಿ ತೆಗೆದುಕೊಳ್ಳುತ್ತೇನೆ, ಅದನ್ನೂ ಎಂಟನೆಯ ದಿನ ತೆಗೆದುಕೊಳ್ಳುತ್ತೇನೆ. ತಿಂಗಳಿಗೆ ಐದಾರು ಸಾವಿರ ಬರುತ್ತದೆ. ಇದಕ್ಕೆಂದು ಬಂದವರು ಗ್ಲಾಸನ್ನೋ ಕವರನ್ನೋ ಕೊಂಡು ಹೋಗುವುದು ಇದರ ಮೇಲಿನ ಲಾಭ.

ವೈಫೈಯದು ಬೇರೆಯೇ ಕಥೆ. ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಬಂದ ಹುಡುಗನೊಬ್ಬ ತನ್ನ ರೌಟರನ್ನೂ ಊರಿಗೆ ತಂದು ಹಾಕಿದ ದಿನದಿಂದ, ಜೇವರ್ಗಿ ರಸ್ತೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಮ್ಯಾಪಿನಲ್ಲಿ ಬೆಂಗಳೂರಿಗೆ ಹೋಗಿ ಬರತೊಡಗಿದರು. ಕಾಂಕ್ರೀಟ್ ಮನೆಯೊಳಗೆ ಉಪಗ್ರಹದ ಸಿಗ್ನಲ್ ಸಿಗದಾಗ ಫೋನು ಸುತ್ತಲಿನ ವೈಫೈಗಳ ಗುರುತಿನ ಸಂಖ್ಯೆಯಿಂದ ತಾನೆಲ್ಲಿದ್ದೇನೆಂದು ಊಹಿಸುತ್ತದೆ, ಮತ್ತು ಆ ರೌಟರಿನ ಹಳೆಯ ವಿಳಾಸ ಬೆಂಗಳೂರಿನದಾಗಿತ್ತು. ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ನೋಮ್ಯಾಪ್ ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಗೂಗಲ್ ಅದನ್ನು ತನ್ನ ಲೆಕ್ಕದಿಂದ ಕೈಬಿಡುತ್ತದೆ. ಅಲ್ಲಿಯವರೆಗೆ ತಾಯಿಯ ಫೋನಿನಲ್ಲಿ ವೈಫೈ ಸ್ಕ್ಯಾನಿಂಗ್ ನಿಲ್ಲಿಸಿ, ಮನೆಯಲ್ಲಿ ಮೊಬೈಲ್ ಡೇಟಾ ಬಳಸಲು ಹೇಳಿದೆ. ಎರಡು ವಾರದಲ್ಲಿ ಅವರು ಕಲಬುರಗಿಗೆ ಬಂದು ನೆಲೆಸಿದರು.

ಮನೆ ಬಿಟ್ಟರು, ಮನೆ ಸೇರಿದರು ಎಂದು ಹೇಳುವ ಅಲರ್ಟುಗಳಲ್ಲಿ ನಾನು ಕಲಿತದ್ದು ಒಂದೇ, ಮ್ಯಾಪಿನಲ್ಲಿ ಮನೆಯ ಸುತ್ತ ಹಾಕುವ ವೃತ್ತವನ್ನು ದೊಡ್ಡದಾಗಿ ಎಳೆಯಬೇಕು. ಹಳೆಯ ಬಡಾವಣೆಯ ಒತ್ತೊತ್ತಾದ ಮನೆಯೊಂದಕ್ಕೆ ನೂರು ಮೀಟರಿಗಿಂತ ಚಿಕ್ಕ ವೃತ್ತ ಹಾಕಿಕೊಟ್ಟಿದ್ದೆ; ಮಲಗಿದ್ದ ಅಜ್ಜಿ ಒಂದೇ ರಾತ್ರಿ ಹದಿನಾಲ್ಕು ಸಲ ಮನೆ ಬಿಟ್ಟು ಹದಿನಾಲ್ಕು ಸಲ ಮರಳಿದರೆಂದು ಸೊಸೆಯ ಫೋನು ಬಡಿದುಕೊಂಡಿತು. ಗೂಗಲ್ ತನ್ನ ಆಪ್ ತಯಾರಕರಿಗೇ ಕಡಿಮೆಯೆಂದರೆ 100ರಿಂದ 150 ಮೀಟರ್ ಇರಲಿ ಎನ್ನುತ್ತದೆ. ನಾನು ಊರೊಳಗೆ 250, ಹಳ್ಳಿಯಲ್ಲಿ 500 ಇಡುತ್ತೇನೆ. ಅಲರ್ಟು ಎರಡು ಮೂರು ನಿಮಿಷ ತಡವಾಗಿಯೇ ಬರುತ್ತದೆಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರೀಕ್ಷೆಯ ಫೋನುಗಳಿಂದ ಕೆಲವು ಬೇರೆ ಆಟಗಳನ್ನೂ ಆಡಿದ್ದೇನೆ. ಸ್ಟೀಲ್ ಅಲಮಾರಿಯಲ್ಲಿಟ್ಟು ಬೀಗ ಹಾಕಿದಾಗ ಚುಕ್ಕಿ ಗಂಟೆಗಟ್ಟಲೆ ಹಳೆಯ ಜಾಗದಲ್ಲೇ ಉಳಿಯಿತು. ಟ್ರ್ಯಾಕ್ಟರಿನ ತಗಡಿನ ಟೂಲ್ ಬಾಕ್ಸಿನಲ್ಲೂ ಅಷ್ಟೇ. ಅದನ್ನು ಕಂಡ ಮೇಲೆ ಹೊಲಕ್ಕೆ ಹೋಗುವ ಹಿರಿಯರಿಗೆ ಅಂಗಿಯ ಒಳಜೇಬಿನಲ್ಲೇ ಫೋನ್ ಇಟ್ಟುಕೊಳ್ಳಲು ಹೇಳುತ್ತಿದ್ದೇನೆ. ಮೇ ತಿಂಗಳ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಮುಂದಿಟ್ಟ ಫೋನು ಅರ್ಧ ಗಂಟೆಯೊಳಗೆ ಕಾದು ತಾನೇ ಆಫ್ ಆಯಿತು. ಎರಡು ಫೋನುಗಳಲ್ಲಿ ಒಂದು 1575.42 ಮೆಗಾಹರ್ಟ್ಸ್‌ನ ಹಳೆಯ ಜಿಪಿಎಸ್ ಸಿಗ್ನಲ್ಲಿನ ಜೊತೆಗೆ 1176.45ರದ್ದನ್ನೂ ಹಿಡಿಯುವಂಥದು. ಬಯಲಿನಲ್ಲಿ ಎರಡಕ್ಕೂ ಭೇದ ಕಾಣಲಿಲ್ಲ. ನಮ್ಮ ಗಲ್ಲಿಯಲ್ಲಿ ಮಾತ್ರ ಹಳೆಯ ಸಿಗ್ನಲ್ಲೊಂದನ್ನೇ ಹಿಡಿಯುವ ಫೋನು ಚುಕ್ಕಿಯನ್ನು ಮೂವತ್ತು ನಲವತ್ತು ಮೀಟರ್ ಆಚೆ ಎಸೆಯುತ್ತಿದ್ದಾಗ, ಎರಡನ್ನೂ ಹಿಡಿಯುವುದು ಹತ್ತರೊಳಗೆ ನಿಂತಿತು. ಇದಕ್ಕಾಗಿ ಹೊಸ ಫೋನು ಕೊಳ್ಳಿರೆಂದು ನಾನು ಯಾರಿಗೂ ಹೇಳಿಲ್ಲ.

ಈಗ ನನ್ನ ಕ್ರಮ ಹೀಗಿದೆ. ಆಪಿಗೆ ಕೈಹಾಕುವ ಮೊದಲು ಮನೆಯ ಎಲ್ಲ ಫೋನುಗಳ ಖಾತೆಗಳನ್ನು ಕಾಗದದ ಮೇಲೆ ಬರೆದು, ಒಬ್ಬರಿಗೆ ಒಂದು ಖಾತೆ, ಒಂದು ಖಾತೆಗೆ ಒಂದು ಫೋನು ಎಂಬಂತೆ ಮಾಡುತ್ತೇನೆ. ರೀಚಾರ್ಜು ನೋಡುತ್ತೇನೆ; ದುಡ್ಡು ಉಳಿಯಲೆಂದು ಮಕ್ಕಳು ಹಿರಿಯರಿಗೆ ಮಾತಿಗೆ ಮಾತ್ರ ಇರುವ ಪ್ಯಾಕ್ ಹಾಕಿಸಿ, ಆಮೇಲೆ ಲೊಕೇಶನ್ ಬರುತ್ತಿಲ್ಲವೆಂದು ನನ್ನ ಮೇಲೆ ಸಿಟ್ಟಾದದ್ದು ಆರೇಳು ಸಲ ಆಗಿದೆ. ದಿನದ ಡೇಟಾ ಮುಗಿದು ವೇಗ ಕುಸಿದರೆ ತೊಂದರೆಯಿಲ್ಲ, ಚುಕ್ಕಿಗೆ ಅಷ್ಟೇ ಸಾಕು. ಆಮೇಲೆ ಅನುಮತಿ, ಬ್ಯಾಟರಿ, ಬೀಗ, ಬಳಸದ ಆಪಿನ ಗುಂಡಿ. ನಂತರ ಫೋನಿನ ಪರದೆ ಆರಿಸಿ ಜೇಬಿನಲ್ಲಿಟ್ಟು, ಆಪನ್ನು ತೆರೆಯದೆ, ಮನೆಯವರೊಬ್ಬರನ್ನು ಆಟೋದಲ್ಲಿ ರಾಮಮಂದಿರ ಸರ್ಕಲ್ಲಿನವರೆಗೆ ಕಳಿಸಿ ನಾನು ಅಂಗಡಿಯಲ್ಲಿ ಕುಳಿತು ನೋಡುತ್ತೇನೆ. ಆಪ್ ತೆರೆದು ಪರೀಕ್ಷಿಸುವುದೇ ನಾವೆಲ್ಲ ಮಾಡುವ ತಪ್ಪು, ತೆರೆದಾಗ ಅದು ಯಾವ ಫೋನಿನಲ್ಲಾದರೂ ನಡೆಯುತ್ತದೆ. ರಾತ್ರಿ ಫೋನು ಅವರ ಮನೆಯಲ್ಲೇ ಅಲುಗದೆ ಮಲಗಬೇಕು, ಬೆಳಿಗ್ಗೆ ಅದು ಎದ್ದು ಹೊರಡುವಾಗಲೇ ನಿಜವಾದ ಪರೀಕ್ಷೆ. ಎರಡನೆಯ ದಿನ ಬೆಳಿಗ್ಗೆ ನಾನು ಮಾಡುವ ಒಂದು ಚಿಕ್ಕ ಕೆಲಸವನ್ನೂ, ಒಂದು ಜಾತಿಯ ಫೋನಿಗೆ ಮಾತ್ರ ಬೇಕಾಗುವ ಒಂದು ಸೆಟ್ಟಿಂಗನ್ನೂ ಇಲ್ಲಿ ಬರೆಯುವುದಿಲ್ಲ. ಅದರ ಮೇಲೆಯೇ ನನ್ನ 300 ರೂಪಾಯಿ ನಿಂತಿದೆ.

ಹೆಂಡತಿಗೆ ಗೊತ್ತಾಗದಂತೆ ಹಾಕಿಕೊಡಿ ಎಂದು ಬರುವವರೂ ಇದ್ದಾರೆ. ಒಬ್ಬರು ಎರಡು ಸಾವಿರದವರೆಗೆ ಏರಿಸಿದ್ದರು. ಫೋನಿನ ಯಜಮಾನರು ಎದುರಿಗೆ ಕುಳಿತು ತಮ್ಮ ಬೆರಳಿನಿಂದಲೇ ಒಪ್ಪಿಗೆ ಒತ್ತದಿದ್ದರೆ ನಾನು ಮುಟ್ಟುವುದಿಲ್ಲವೆಂದು ಬೋರ್ಡೇ ಬರೆಸಿ ಹಾಕಿದ್ದೇನೆ.

ಇನ್ನೂ ಬಗೆಹರಿಯದ್ದು ಗಾಣಗಾಪುರದ ಹುಣ್ಣಿಮೆ. ದತ್ತಾತ್ರೇಯನ ದರ್ಶನಕ್ಕೆ ಜನ ಸೇರಿ ಟವರ್ ತುಂಬಿಹೋದಾಗ ಫೋನಿಗೆ ತನ್ನ ಜಾಗ ಗೊತ್ತಿದ್ದರೂ ಕಳಿಸಲು ದಾರಿ ಇರುವುದಿಲ್ಲ. ಕಳೆದ ಸಲ ನಮ್ಮ ಗಿರಾಕಿಯೊಬ್ಬರ ತಾಯಿಯ ಚುಕ್ಕಿ ಸಂಗಮದ ದಾರಿಯಲ್ಲಿ ಎರಡು ಗಂಟೆ ನಿಂತಿತ್ತು. ಎರಡನೆಯ ಸಿಮ್ಮಿಗೆ ಬೇರೆ ಕಂಪನಿಯದನ್ನು ಹಾಕಿ, ಡೇಟಾ ತಾನೇ ಅದಕ್ಕೆ ಬದಲಾಗುವಂತೆ ಬಿಟ್ಟು ನೋಡಬೇಕೆಂದಿದ್ದೇನೆ. ಬರುವ ಹುಣ್ಣಿಮೆಗೆ ಎದುರಂಗಡಿಯ ಕಾಕಾ ಅವರ ಮನೆಯವರು ಹೊರಟಿದ್ದಾರೆ, ನನ್ನ ಎರಡೂ ಪರೀಕ್ಷೆಯ ಫೋನುಗಳು ಅವರ ಚೀಲದಲ್ಲಿ ಹೋಗಲಿವೆ.