ಔಷಧಿಯ ಡೋಸ್ ಎಷ್ಟು ಸುರಕ್ಷಿತ: ಅಳೆಯುವ ಕ್ರಮ, ಎಡವುವ ಜಾಗಗಳು

ಹೊಲಕ್ಕೆ ಎಣ್ಣೆ ಹೊಡೆಯುವವರಿಗೆ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಹೊಸದಲ್ಲ. ಕೆಂಪು ಇದ್ದರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಕಡೆಗೆ ಹಸಿರು. ಸಿಂಧನೂರು, ಸಿರುಗುಪ್ಪ, ಗಂಗಾವತಿಯ ಗೊಬ್ಬರದ ಅಂಗಡಿಗಳಲ್ಲಿ ಸಾಲಾಗಿ ಕೂತಿರುವ ಈ ಬಣ್ಣಗಳ ಹಿಂದೆ ಇರುವುದು ಎಲ್‌ಡಿ50 ಎಂಬ ಅಳತೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣ ಅದು. ದೇಹತೂಕದ ಒಂದು ಕೆಜಿಗೆ ಎಷ್ಟು ಮಿಲಿಗ್ರಾಂ ಎಂದು ಬರೆಯುತ್ತಾರೆ. ಬಾಯಿಯ ಮೂಲಕ ಕೊಟ್ಟಾಗ 1ರಿಂದ 50 ಬಂದರೆ ಕೆಂಪು, 51ರಿಂದ 500 ಹಳದಿ, 501ರಿಂದ 5000 ನೀಲಿ, ಅದಕ್ಕೂ ಮೇಲೆ ಹಸಿರು. ಸಂಖ್ಯೆ ಸಣ್ಣದಾದಷ್ಟೂ ವಿಷ ಜೋರು.

ಔಷಧಿಗೂ ಇದೇ ಅಳತೆ ಹಚ್ಚುತ್ತಾರೆ, ಆದರೆ ಅದೊಂದೇ ಸಾಲದು. ಕೀಟನಾಶಕ ಹೊಟ್ಟೆಗೆ ಹೋಗಬಾರದು; ಔಷಧಿ ಹೋಗಲೇಬೇಕು. ಹಾಗಾಗಿ ಎಷ್ಟಕ್ಕೆ ವಿಷ ಅನ್ನುವುದರ ಜೊತೆಗೆ ಎಷ್ಟಕ್ಕೆ ಗುಣ ಅನ್ನುವುದೂ ಬೇಕು, ಎರಡರ ನಡುವೆ ಎಷ್ಟು ಜಾಗವಿದೆ ಎಂದೂ ನೋಡಬೇಕು. ಅರ್ಧದಷ್ಟು ಪ್ರಾಣಿಗಳಲ್ಲಿ (ಅಥವಾ ಜನರಲ್ಲಿ) ಬೇಕಾದ ಪರಿಣಾಮ ಕೊಡುವ ಡೋಸ್ ಇಡಿ50. ಅರ್ಧದಷ್ಟರಲ್ಲಿ ತೊಂದರೆ ಕಾಣಿಸುವ ಡೋಸ್ ಟಿಡಿ50. ಎಲ್‌ಡಿ50 ಅನ್ನು ಇಡಿ50ಯಿಂದ ಭಾಗಿಸಿದರೆ ಬರುವುದೇ ಥೆರಪ್ಯೂಟಿಕ್ ಇಂಡೆಕ್ಸ್; ಅದು ದೊಡ್ಡದಾದಷ್ಟೂ ಔಷಧಿ ಸುರಕ್ಷಿತ ಎಂದು ಲೆಕ್ಕ. ಮನುಷ್ಯರ ವಿಷಯಕ್ಕೆ ಬಂದಾಗ ಎಲ್‌ಡಿ50 ಜಾಗದಲ್ಲಿ ಟಿಡಿ50 ಇಡುತ್ತಾರೆ.

ಲೆಕ್ಕ ಮಾಡುವ ಬಗೆ

ಎಂಬಿಬಿಎಸ್, ಫಾರ್ಮಸಿ ತರಗತಿಗಳಲ್ಲಿ ಈಗ ಇದನ್ನು ಪ್ರಾಣಿಗಳ ಮೇಲೆ ಮಾಡಿಸುವುದಿಲ್ಲ, ಕಾಗದದ ಮೇಲೋ ಕಂಪ್ಯೂಟರಿನಲ್ಲೋ ಮಾಡಿಸುತ್ತಾರೆ. ಅಭ್ಯಾಸಕ್ಕೆಂದೇ ಕಟ್ಟಿದ ಅಂಕಿ ಇಲ್ಲಿವೆ. ಒಂದು ನಿದ್ದೆ ಔಷಧಿ, ಪ್ರತಿ ಗುಂಪಿನಲ್ಲಿ 10 ಇಲಿ. ಕೆಜಿಗೆ 5, 10, 20, 40 ಮಿ.ಗ್ರಾಂ ಕೊಟ್ಟಾಗ ನಿದ್ದೆ ಹೋದವು ಕ್ರಮವಾಗಿ 1, 3, 7, 9. ಬೇರೆ ಗುಂಪುಗಳಿಗೆ 50, 100, 200, 400 ಕೊಟ್ಟಾಗ ಸತ್ತವು 2, 4, 6, 8.

ಮೊದಲು ಡೋಸ್‌ಗಳ ಲಾಗ್ ತೆಗೆಯಿರಿ. 5ಕ್ಕೆ 0.699, 10ಕ್ಕೆ 1, 20ಕ್ಕೆ 1.301, 40ಕ್ಕೆ 1.602. ಲಾಗ್ ತೆಗೆಯದೆ ಗ್ರಾಫ್ ಹಾಕಿದರೆ ಗೆರೆ ಬಿಲ್ಲಿನಂತೆ ಬಾಗುತ್ತದೆ, ನಡುವಿನ ಬಿಂದು ಎಲ್ಲಿದೆ ಎಂದು ಕಣ್ಣಂದಾಜಿನಲ್ಲೇ ಹೇಳಬೇಕಾಗುತ್ತದೆ. ಆಮೇಲೆ ಗೆರೆ ನೇರವಾಗಲೆಂದು ಶೇಕಡಾವಾರನ್ನು ಅದಕ್ಕೆ ಹೊಂದುವ ಇನ್ನೊಂದು ಸಂಖ್ಯೆಯಾದ ಪ್ರೊಬಿಟ್‌ಗೆ ಬದಲಿಸಿ. ಕೋಷ್ಟಕ ಪಠ್ಯಪುಸ್ತಕದ ಕೊನೆಯಲ್ಲಿರುತ್ತದೆ. ಸ್ಪ್ರೆಡ್‌ಶೀಟ್ ಇದ್ದರೆ ನಾರ್ಮಲ್ ಇನ್ವರ್ಸ್ ಫಂಕ್ಷನ್‌ನ ಉತ್ತರಕ್ಕೆ 5 ಕೂಡಿಸಿದರೆ ಅದೇ ಸಿಗುತ್ತದೆ. ಶೇ. 10ಕ್ಕೆ 3.72, 30ಕ್ಕೆ 4.48, 50ಕ್ಕೆ ಸರಿಯಾಗಿ 5, 70ಕ್ಕೆ 5.52, 90ಕ್ಕೆ 6.28. ಯಾವುದಾದರೂ ಗುಂಪಿನಲ್ಲಿ 0 ಅಥವಾ 100 ಬಂದರೆ ಅದಕ್ಕೆ ಪ್ರೊಬಿಟ್ ಇಲ್ಲ, ಲೆಕ್ಕ ಅಲ್ಲೇ ನಿಲ್ಲುತ್ತದೆ. ಮಿಲ್ಲರ್–ಟೇಂಟರ್ ಪದ್ಧತಿಯಲ್ಲಿ 10 ಪ್ರಾಣಿಗಳ ಗುಂಪಾದರೆ 0 ಬದಲು 2.5, 100 ಬದಲು 97.5 ಹಿಡಿಯುತ್ತಾರೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಹೆಚ್ಚು ಜನ ಮರೆಯುವುದು ಇದನ್ನೇ.

ಅಡ್ಡಕ್ಕೆ ಲಾಗ್ ಡೋಸ್, ಉದ್ದಕ್ಕೆ ಪ್ರೊಬಿಟ್ ಇಟ್ಟು ಬಿಂದುಗಳ ನಡುವೆ ನೇರ ಗೆರೆ ಎಳೆಯಿರಿ. ಪ್ರೊಬಿಟ್ 5ರಲ್ಲಿ ಗೆರೆ ಮುಟ್ಟುವ ಲಾಗ್ 1.15, ಅದರ ಆಂಟಿಲಾಗ್ 14.1. ಇದು ಇಡಿ50. ಸಾವಿನ ಗೆರೆಗೂ ಹೀಗೇ ಮಾಡಿದರೆ ಎಲ್‌ಡಿ50 141. ಥೆರಪ್ಯೂಟಿಕ್ ಇಂಡೆಕ್ಸ್ 10. ಎಷ್ಟೋ ಪ್ರಾಕ್ಟಿಕಲ್ ಪುಸ್ತಕಗಳಲ್ಲಿ ಉತ್ತರ ಇಲ್ಲಿಗೇ ಮುಗಿಯುತ್ತದೆ. ಕೆಲಸ ಮಾತ್ರ ಮುಗಿದಿಲ್ಲ.

ಎರಡೂ ಗೆರೆಗಳ ಓರೆ ನೋಡಿ. ನಿದ್ದೆಯ ಗೆರೆ ಕಡಿದಾಗಿದೆ, ಇಳಿಜಾರು ಸುಮಾರು 2.9. ಸಾವಿನ ಗೆರೆ ಚಪ್ಪಟೆ, ಸುಮಾರು 1.84. ಚಪ್ಪಟೆ ಗೆರೆ ಎಡಕ್ಕೆ ಬಹಳ ದೂರ ಚಾಚಿಕೊಂಡಿರುತ್ತದೆ. ನೂರಕ್ಕೆ 99 ಇಲಿ ನಿದ್ದೆ ಹೋಗಬೇಕಾದರೆ (ಪ್ರೊಬಿಟ್ 7.33) ಕೆಜಿಗೆ ಸುಮಾರು 90 ಮಿ.ಗ್ರಾಂ ಬೇಕು, ನೂರಕ್ಕೆ ಒಂದು ಸಾಯುವ ಡೋಸ್ (ಪ್ರೊಬಿಟ್ 2.67) ಬರೀ 7.7. ಎಲ್‌ಡಿ1 ಅನ್ನು ಇಡಿ99ರಿಂದ ಭಾಗಿಸಿದರೆ 0.09ರ ಹತ್ತಿರ. ಈ ಭಾಗಲಬ್ಧಕ್ಕೆ ಸರ್ಟನ್ ಸೇಫ್ಟಿ ಫ್ಯಾಕ್ಟರ್ ಅನ್ನುತ್ತಾರೆ. ಅದು 1ಕ್ಕಿಂತ ಮೇಲಿರಬೇಕು. ಅರ್ಧ ಇಲಿಗಳಷ್ಟೇ ಮಲಗುವ 14 ಮಿ.ಗ್ರಾಂ ಡೋಸ್‌ನಲ್ಲೇ ನೂರಕ್ಕೆ ಮೂರು ಸಾಯುತ್ತವೆ ಎಂದು ಅದೇ ಗೆರೆ ಹೇಳುತ್ತದೆ. ಇಂಡೆಕ್ಸ್ 10 ಇರುವ ಈ ಔಷಧಿಯನ್ನು ಯಾವ ವೈದ್ಯರೂ ಬರೆಯಲಾರರು.

ಹಾಗಿದ್ದರೆ ನಡುವಿನ 50ನ್ನೇ ಏಕೆ ಹಿಡಿದರು? 1927ರಲ್ಲಿ ಬ್ರಿಟಿಷ್ ವಿಜ್ಞಾನಿ ಜೆ. ಡಬ್ಲ್ಯು. ಟ್ರೆವನ್ ಎಲ್‌ಡಿ50 ಅಳತೆ ತಂದದ್ದು ಔಷಧಿಗಳ ಬಲವನ್ನು ಒಂದಕ್ಕೊಂದು ಹೋಲಿಸಲು. ಕೆಲವೇ ಪ್ರಾಣಿಗಳಿದ್ದಾಗ ಅಂಚಿನ ಸಂಖ್ಯೆಗಳು ಒಂದು ಪ್ರಯೋಗದಿಂದ ಇನ್ನೊಂದಕ್ಕೆ ತುಂಬ ಏರುಪೇರಾಗುತ್ತವೆ, ನಡುವಿನದು ಸ್ಥಿರವಾಗಿ ನಿಲ್ಲುತ್ತದೆ. ಅಳೆಯಲು ಸಲೀಸು ಎಂದು ಆಯ್ದ ಬಿಂದು ಅದು. ರೋಗಿಗೆ ಅಪಾಯ ಇರುವುದು ಅಂಚಿನಲ್ಲಿ. ಮೇಲಿನ 7.7 ಕೂಡ ಹತ್ತತ್ತು ಇಲಿಗಳ ಅಂಕಿಯಿಂದ ಗೆರೆಯನ್ನು ಆಚೆಗೆ ಎಳೆದು ಪಡೆದದ್ದು, ಅದರ ಅನಿಶ್ಚಿತತೆ ದೊಡ್ಡದು. ಪರೀಕ್ಷೆಯಲ್ಲಿ ಬರೆಯುವಾಗ ವಿಶ್ವಾಸದ ಮಿತಿಗಳನ್ನೂ (ನಿಜವಾದ ಸಂಖ್ಯೆ ಇರಬಹುದಾದ ವ್ಯಾಪ್ತಿ) ಕೊಡಿ. ಇಂಥ ಒಂದು ಸಂಖ್ಯೆಗಾಗಿ ಬಹಳ ಪ್ರಾಣಿಗಳನ್ನು ಕೊಲ್ಲುವ ಹಳೆಯ ಪದ್ಧತಿಯನ್ನು ಒಇಸಿಡಿ (ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆ) 2002ರಲ್ಲಿ ಕೈಬಿಟ್ಟಿತು. ಈಗಿನ 420, 423, 425 ಮಾರ್ಗಸೂಚಿಗಳಲ್ಲಿ ಕಡಿಮೆ ಪ್ರಾಣಿಗಳು ಸಾಕು.

ಇಲಿಯಿಂದ ಮನುಷ್ಯನಿಗೆ

ಹೊಸ ಔಷಧಿಯನ್ನು ಮನುಷ್ಯನಿಗೆ ಮೊದಲ ಸಲ ಕೊಡುವಾಗ ಎಲ್‌ಡಿ50 ನೋಡುವುದಿಲ್ಲ. ಯಾವ ಕೆಟ್ಟ ಪರಿಣಾಮವೂ ಕಾಣದ ಅತಿ ಹೆಚ್ಚಿನ ಡೋಸ್ (ನೋಯೆಲ್) ನೋಡುತ್ತಾರೆ. ಇಲಿಯಲ್ಲಿ ಅದು ಕೆಜಿಗೆ 50 ಮಿ.ಗ್ರಾಂ ಎಂದುಕೊಳ್ಳಿ. 60 ಕೆಜಿ ಮನುಷ್ಯನಿಗೆ 50×60, ಅಂದರೆ 3000 ಮಿ.ಗ್ರಾಂ ಎಂದು ಬರೆದರೆ ಕಥೆ ಕೆಟ್ಟಿತು. ಸಣ್ಣ ಪ್ರಾಣಿ ತನ್ನ ತೂಕಕ್ಕೆ ಹೋಲಿಸಿದರೆ ಔಷಧಿಯನ್ನು ಬೇಗ ಹೊರಹಾಕುತ್ತದೆ. ದೇಹದ ಮೇಲ್ಮೈ ಲೆಕ್ಕ ಹಿಡಿದು ರ‍್ಯಾಟ್ (ದೊಡ್ಡ ಇಲಿ) ಆದರೆ 6.2ರಿಂದ, ಮೌಸ್ (ಸುಂಡಿಲಿ) ಆದರೆ 12.3ರಿಂದ, ನಾಯಿಯಾದರೆ 1.8ರಿಂದ ಭಾಗಿಸಬೇಕು. 50 ಭಾಗಿಸು 6.2, ಸುಮಾರು 8. ಅದನ್ನು ಮತ್ತೆ ಸುರಕ್ಷತೆಗಾಗಿ 10ರಿಂದ ಭಾಗಿಸಿದರೆ 0.8. 60 ಕೆಜಿಗೆ 48 ಮಿ.ಗ್ರಾಂ. ಎಲ್ಲಿಯ 3000, ಎಲ್ಲಿಯ 48!

ಇಷ್ಟಾದರೂ ಲೆಕ್ಕ ತಪ್ಪುವುದುಂಟು. 2006ರಲ್ಲಿ ಲಂಡನ್ನಿನಲ್ಲಿ ಟಿಜಿಎನ್1412 ಎಂಬ ಆ್ಯಂಟಿಬಾಡಿಯನ್ನು ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡದ್ದಕ್ಕಿಂತ ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೂ ಆರು ಸ್ವಯಂಸೇವಕರು ತೀವ್ರ ನಿಗಾ ಘಟಕ ಸೇರಿದರು. ಮಂಗಗಳ ರೋಗನಿರೋಧಕ ಕೋಶಗಳು ಅದಕ್ಕೆ ಮನುಷ್ಯನ ಕೋಶಗಳಂತೆ ಕೆರಳಿರಲಿಲ್ಲ. ಅಂಥ ಔಷಧಿಗಳಿಗೆ ಈಗ ಅತಿ ಕನಿಷ್ಠ ಪರಿಣಾಮ ಕಾಣುವ ಡೋಸ್‌ನಿಂದ ಶುರು ಮಾಡುತ್ತಾರೆ, ಎಲ್ಲರಿಗೂ ಒಟ್ಟಿಗೆ ಕೊಡದೆ ಒಬ್ಬರಾದ ಮೇಲೆ ಒಬ್ಬರಿಗೆ.

ಅಂತರ ಕಡಿಮೆ ಇರುವ ಔಷಧಿಗಳು: ರಕ್ತ ಯಾವಾಗ ತೆಗೆಯಬೇಕು

ಮಾರುಕಟ್ಟೆಗೆ ಬಂದ ಮೇಲೂ ಕೆಲವು ಔಷಧಿಗಳಲ್ಲಿ ಗುಣ ಮತ್ತು ವಿಷದ ನಡುವೆ ಜಾಗ ಕಡಿಮೆ. ಡಿಗಾಕ್ಸಿನ್ (ಹೃದಯಕ್ಕೆ), ಲಿಥಿಯಂ (ಮಾನಸಿಕ ಕಾಯಿಲೆಗೆ), ಫೆನಿಟೋಯಿನ್ (ಫಿಟ್ಸ್‌ಗೆ), ಥಿಯೋಫಿಲಿನ್ (ಉಬ್ಬಸಕ್ಕೆ), ವಾರ್ಫರಿನ್ (ರಕ್ತ ಹೆಪ್ಪುಗಟ್ಟದಿರಲು) ಈ ಸಾಲಿನವು. ಇವುಗಳಲ್ಲಿ ಡೋಸ್‌ಗಿಂತ ರಕ್ತದಲ್ಲಿನ ಮಟ್ಟ ಮುಖ್ಯ, ರಕ್ತ ತೆಗೆದ ಸಮಯ ತಪ್ಪಿದರೆ ಆ ಮಟ್ಟಕ್ಕೂ ಅರ್ಥವಿಲ್ಲ.

ಲಿಥಿಯಂ: ರಾತ್ರಿಯ ಗುಳಿಗೆ ನುಂಗಿ 12 ಗಂಟೆಗೆ ರಕ್ತ ಕೊಡಬೇಕು, ಬೆಳಗಿನ ಗುಳಿಗೆ ರಕ್ತ ಕೊಟ್ಟ ಮೇಲೆ. ಲೀಟರಿಗೆ 0.6ರಿಂದ 1.2 ಮಿಲಿಈಕ್ವಿವಲೆಂಟ್ ಇರಬೇಕು, 1.5 ದಾಟಿದರೆ ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ನಡಿಗೆ ತೂರಾಡುವುದು ಶುರುವಾಗಬಹುದು. ಲ್ಯಾಬಿನವರು ಗಮನಿಸಬೇಕಾದ್ದು: ಹಸಿರು ಮುಚ್ಚಳದ ಲಿಥಿಯಂ ಹೆಪರಿನ್ ಟ್ಯೂಬಿನಲ್ಲಿ ಈ ರಕ್ತ ಹಾಕಿದರೆ ಟ್ಯೂಬಿನಲ್ಲಿರುವ ಲಿಥಿಯಮ್ಮೂ ಸೇರಿ ವರದಿ ಸುಳ್ಳಾಗಿ ಏರುತ್ತದೆ. ನಮ್ಮ ಕಡೆ ಇನ್ನೊಂದು ವಿಶೇಷ ತೊಂದರೆ ಬಿಸಿಲು. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಬೆವರಿನಲ್ಲಿ ನೀರು, ಉಪ್ಪು ಹೋದಾಗ ಮೂತ್ರಪಿಂಡ ಉಪ್ಪಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಗುಳಿಗೆ ಬದಲಾಗದಿದ್ದರೂ ಮಟ್ಟ ಏರುತ್ತದೆ. ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ಇನ್ನಷ್ಟು ಏರುತ್ತದೆ. ಬೇಸಿಗೆಯಲ್ಲಿ ಹೊಲದ ಕೆಲಸ ಇರುವವರು ಮಾನಸಿಕ ವೈದ್ಯರಿಗೆ ಅದನ್ನು ಮೊದಲೇ ಹೇಳಿ ಒಂದು ಹೆಚ್ಚಿನ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಡಿಗಾಕ್ಸಿನ್‌ಗೆ ಕೊನೆಯ ಗುಳಿಗೆಯಿಂದ ಕನಿಷ್ಠ 6 ಗಂಟೆ ಬಿಡಬೇಕು. ಅದಕ್ಕೂ ಮುಂಚೆ ಔಷಧಿ ರಕ್ತದಿಂದ ಅಂಗಾಂಶಗಳಿಗೆ ಇನ್ನೂ ಇಳಿದಿರುವುದಿಲ್ಲ, ವರದಿ ಹೆಚ್ಚು ತೋರಿಸುತ್ತದೆ. ಹೃದಯ ವೈಫಲ್ಯದಲ್ಲಿ ಮಿ.ಲೀ.ಗೆ 0.5ರಿಂದ 0.9 ನ್ಯಾನೊಗ್ರಾಂ ಸಾಕು. ಮಟ್ಟ ಸರಿ ಇದ್ದರೂ, ಮೂತ್ರ ಹೋಗಿಸುವ ಗುಳಿಗೆಯಿಂದ ಪೊಟ್ಯಾಸಿಯಂ ಇಳಿದಿದ್ದರೆ ವಿಷಬಾಧೆ ಬರುತ್ತದೆ. ಹಾಗಾಗಿ ಎರಡನ್ನೂ ಒಟ್ಟಿಗೇ ಪರೀಕ್ಷೆ ಮಾಡಿಸಿ.

ಫೆನಿಟೋಯಿನ್‌ನಲ್ಲಿ ಎರಡು ಗುಂಡಿಗಳಿವೆ. ಅದನ್ನು ಕರಗಿಸುವ ಯಕೃತ್ತಿನ ಕಿಣ್ವಕ್ಕೆ ಮಿತಿ ಇದೆ. ಮಿತಿ ತುಂಬಿದ ಮೇಲೆ 300ರಿಂದ 400 ಮಿ.ಗ್ರಾಂಗೆ ಏರಿಸಿದರೆ ಮಟ್ಟ ಮೂರರಲ್ಲಿ ಒಂದು ಭಾಗ ಏರಿ ನಿಲ್ಲುವುದಿಲ್ಲ, ದುಪ್ಪಟ್ಟಾಗಲೂಬಹುದು. ಏರಿಸುವುದಾದರೆ ಸಣ್ಣ ಹೆಜ್ಜೆಯಲ್ಲಿ. ಎರಡನೆಯದು ಆಲ್ಬುಮಿನ್, ರಕ್ತದಲ್ಲಿ ಈ ಔಷಧಿ ಅಂಟಿಕೊಳ್ಳುವ ಪ್ರೋಟೀನ್. ರೋಗಿ ಸೊರಗಿ ಆಲ್ಬುಮಿನ್ ಕಡಿಮೆ ಇದ್ದರೆ ವರದಿಯ ಮಟ್ಟ ಸುಳ್ಳಾಗಿ ಕಡಿಮೆ ಕಾಣುತ್ತದೆ. ಆಲ್ಬುಮಿನ್ನನ್ನು (ಡೆಸಿಲೀಟರಿಗೆ ಎಷ್ಟು ಗ್ರಾಂ) 0.2ರಿಂದ ಗುಣಿಸಿ 0.1 ಕೂಡಿಸಿ, ಬಂದದ್ದರಿಂದ ವರದಿಯ ಮಟ್ಟವನ್ನು ಭಾಗಿಸಿ. ವರದಿ 8, ಆಲ್ಬುಮಿನ್ 2 ಇದ್ದರೆ 8 ಭಾಗಿಸು 0.5, ಅಂದರೆ 16. ಇರಬೇಕಾದ ಮಟ್ಟ ಮಿ.ಲೀ.ಗೆ 10ರಿಂದ 20 ಮೈಕ್ರೊಗ್ರಾಂ. 8 ನೋಡಿ ಡೋಸ್ ಏರಿಸಿದ್ದರೆ ರೋಗಿ ತೂರಾಡುತ್ತಾ ವಾಪಸು ಬರುತ್ತಿದ್ದರು.

ವಾರ್ಫರಿನ್‌ಗೆ ಅಳೆಯುವುದು ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ; ಔಷಧಿಯ ಮಟ್ಟವಲ್ಲ), ಬಹುತೇಕ ಕಾರಣಗಳಿಗೆ 2ರಿಂದ 3. ಪಾಲಕ, ಮೆಂತ್ಯೆಯಂಥ ತಪ್ಪಲು ಪಲ್ಯೆಗಳಲ್ಲಿರುವ ವಿಟಮಿನ್ ಕೆ ಇದರ ಕೆಲಸ ತಗ್ಗಿಸುತ್ತದೆ. ಪಲ್ಯೆ ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಪ್ರಮಾಣ ಒಂದೇ ಇರಲಿ.

ಮನೆಯಲ್ಲಿ: ಕೂಸಿನ ಜ್ವರದ ಔಷಧಿ

ಪ್ಯಾರಾಸಿಟಮಾಲ್ ಸರಿಯಾದ ಡೋಸ್‌ನಲ್ಲಿ ಸುರಕ್ಷಿತ, ಆದರೆ ಮೇಲಿನ ಅಂಚು ದಾಟಿದರೆ ಯಕೃತ್ತಿಗೆ ಪೆಟ್ಟು. ಮಕ್ಕಳಿಗೆ ಒಂದು ಸಲಕ್ಕೆ ಕೆಜಿಗೆ 10ರಿಂದ 15 ಮಿ.ಗ್ರಾಂ, 6 ಗಂಟೆ ಬಿಟ್ಟು, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಕೂಸಿಗೆ 3 ತಿಂಗಳು ತುಂಬಿರದಿದ್ದರೆ ಮನೆಯಲ್ಲಿ ಕೊಡಬೇಡಿ, ವೈದ್ಯರಿಗೆ ತೋರಿಸಿ.

ವಯಸ್ಸು ನೋಡಿ ಅಂದಾಜು ಮಾಡುವ ಬದಲು ಅಂಗನವಾಡಿಯಲ್ಲಿ ತೂಗಿಸಿದ ಈಚಿನ ತೂಕ ಹಿಡಿಯಿರಿ. 12 ಕೆಜಿ ಮಗುವಿಗೆ 120ರಿಂದ 180 ಮಿ.ಗ್ರಾಂ. ಮುಂದಿನ ಹೆಜ್ಜೆಯಲ್ಲೇ ಹೆಚ್ಚು ತಪ್ಪಾಗುವುದು, ಯಾಕೆಂದರೆ ಒಂದೇ ಔಷಧಿ ಮೂರು ಗಟ್ಟಿತನದಲ್ಲಿ ಸಿಗುತ್ತದೆ. 5 ಮಿ.ಲೀ.ಯಲ್ಲಿ 120 ಮಿ.ಗ್ರಾಂ ಇರುವ ಸಿರಪ್ ಆದರೆ 5ರಿಂದ 7.5 ಮಿ.ಲೀ. 5 ಮಿ.ಲೀ.ಯಲ್ಲಿ 250 ಇರುವುದಾದರೆ 2.4ರಿಂದ 3.6. ಒಂದು ಮಿ.ಲೀ.ಯಲ್ಲೇ 100 ಇರುವ ಡ್ರಾಪ್ಸ್ ಆದರೆ 1.2ರಿಂದ 1.8. ಸಿರಪ್ ಮುಗಿದಿದೆಯೆಂದು ಡ್ರಾಪ್ಸನ್ನೇ ಚಮಚೆ ತುಂಬ ಕೊಟ್ಟರೆ 500 ಮಿ.ಗ್ರಾಂ ಒಂದೇ ಸಲ ಹೋಗುತ್ತದೆ. ಅಡುಗೆಮನೆಯ ಚಮಚೆ ಯಾವುದೂ 5 ಮಿ.ಲೀ. ಎಂದು ನಂಬಬೇಡಿ, ಬಾಟಲಿಯ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿ ತೆಗೆದ ಸಿರಿಂಜ್ ಬಳಸಿ. ನೆಗಡಿಯ ಸಿರಪ್‌ಗಳಲ್ಲೂ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ. ಜ್ವರಕ್ಕೊಂದು, ನೆಗಡಿಗೊಂದು ಕೊಡುವ ಮೊದಲು ಎರಡೂ ಲೇಬಲ್ ಓದಿ.

ಹೆಚ್ಚು ಹೋಗಿದೆ ಅನಿಸಿದರೆ ಲಕ್ಷಣ ಬರಲಿ ಎಂದು ಕಾಯಬಾರದು. ಮೊದಲ ದಿನ ಮಗು ಆಡಿಕೊಂಡಿರಬಹುದು, ಯಕೃತ್ತಿನ ಹಾನಿ ಒಂದೆರಡು ದಿನದ ಮೇಲೆ ಕಾಣುತ್ತದೆ. ಪ್ರತಿವಿಷ ಅಸಿಟೈಲ್‌ಸಿಸ್ಟೀನ್ ಮೊದಲ 8 ಗಂಟೆಯೊಳಗೆ ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. 108ಕ್ಕೆ ಕರೆ ಮಾಡಿ ಹೊರಡಿ. ಬಾಟಲಿ ಜೊತೆಯಲ್ಲಿರಲಿ, ಎಷ್ಟು ಗಂಟೆಗೆ ಎಷ್ಟು ಕೊಟ್ಟಿರಿ ಎಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದೇ ಸಲ ಹೆಚ್ಚು ಹೋಗಿದ್ದರೆ ರಕ್ತದ ಮಟ್ಟ ನೋಡುವುದು ಔಷಧಿ ಹೋಗಿ 4 ಗಂಟೆಯಾದ ಮೇಲೆ. ಅದಕ್ಕೂ ಮುಂಚಿನ ವರದಿ ಕಡಿಮೆ ಬಂತೆಂದು ಮನೆಗೆ ಕರೆತರಬೇಡಿ, ಎರಡನೇ ಸಲ ರಕ್ತ ಕೊಡಿಸಿಯೇ ಬನ್ನಿ.